ಓದುಗರ ಪ್ರಶ್ನೆ: ಮೊದಲ ಬಿಲ್ಲು, ಅದಕ್ಕೊಪ್ಪುವ ಬಾಣ

ಪ್ರಶ್ನೆ: ಸಾಂಪ್ರದಾಯಿಕ ಬಿಲ್ಲುಗಾರಿಕೆ ಕಲಿಯುವ ಆಸೆಯಿದೆ. ವಯಸ್ಸು 27, ಎತ್ತರ 5 ಅಡಿ 6 ಇಂಚು. ಆನ್‌ಲೈನ್‌ನಲ್ಲಿ 45 ಪೌಂಡಿನ ಬಿಲ್ಲು, ಜೊತೆಗೆ ಆರು ಬಾಣಗಳ ಸೆಟ್ ನೋಡಿಟ್ಟಿದ್ದೇನೆ. ಜಿಮ್‌ಗೆ ಹೋಗುವವನು, ಎಳೆಯಲು ತೊಂದರೆಯಾಗದು. ತಗೊಳ್ಳಲೇ?
– ಓದುಗರು, ಕಲಬುರಗಿ

ಉತ್ತರ: ಬೇಡ. ಬಿಲ್ಲಿನ ಪೌಂಡ್ ಎಂದರೆ ಅದನ್ನು ಎಳೆಯಲು ಬೇಕಾದ ಬಲ. 45 ಪೌಂಡನ್ನು ಒಂದು ಸಲ ಯಾರಾದರೂ ಎಳೆದಾರು; ಅಭ್ಯಾಸಕ್ಕೆ ದಿನಕ್ಕೆ ಅರವತ್ತು ಸಲ ಎಳೆಯಬೇಕು. ಭಾರ ಹೊರುವುದು ತೋಳಲ್ಲ, ಹೆಗಲ ಹಿಂದಿನ ಬೆನ್ನು. ಅದು ದಣಿದ ಮೇಲೆ ಹೆಗಲು ಮೇಲೇರುತ್ತದೆ, ಕೈ ಗಲ್ಲಕ್ಕೆ ಬರುವ ಮೊದಲೇ ಹೆದೆ ಜಾರುತ್ತದೆ. ಈ ಚಾಳಿ ಅಂಟಿದರೆ ಬಿಡಿಸುವುದು ಬಲು ಕಷ್ಟ. 25ರಿಂದ 30 ಪೌಂಡಿನ, 62ರಿಂದ 66 ಇಂಚು ಉದ್ದದ ಟೇಕ್‌ಡೌನ್ ರಿಕರ್ವ್ (ತುದಿ ಮುಂದಕ್ಕೆ ಬಾಗಿದ, ಬಿಚ್ಚಿ ಜೋಡಿಸುವ ಬಿಲ್ಲು) ಕೊಳ್ಳಿ. ಬೆನ್ನು ಗಟ್ಟಿಯಾದಾಗ ಲಿಂಬ್ (ಹಿಡಿಯ ಮೇಲೆ, ಕೆಳಗೆ ಇರುವ ಬಾಗುವ ತೋಳು) ಮಾತ್ರ ಬದಲಿಸಿದರಾಯಿತು.

ಮೊದಲು ನಿಮ್ಮ ಎಳೆತ, ಅಂದರೆ ಹೆದೆಯನ್ನು ಎಷ್ಟು ದೂರ ಎಳೆಯುತ್ತೀರೆಂಬುದನ್ನು, ಅಳೆಯಿರಿ. ಗೋಡೆಗೆ ಬೆನ್ನು ಹಚ್ಚಿ ಎರಡೂ ಕೈ ಚಾಚಿ, ನಡುಬೆರಳ ತುದಿಯಿಂದ ತುದಿಗೆ ಬಂದ ಅಳತೆಯನ್ನು 2.5ರಿಂದ ಭಾಗಿಸಿ. 168 ಸೆಂ.ಮೀ. ಬಂದರೆ ಎಳೆತ 67 ಸೆಂ.ಮೀ., ಅಂದರೆ ಸುಮಾರು ಇಪ್ಪತ್ತಾರೂವರೆ ಇಂಚು. ಬಿಲ್ಲಿನ ಮೇಲೆ ಬರೆದ ಪೌಂಡ್ 28 ಇಂಚು ಎಳೆದಾಗಿನದು. ಇಂಚಿಗೆ ಎರಡು, ಎರಡೂವರೆ ಪೌಂಡ್ ಇಳಿಯುವುದರಿಂದ 30ರ ಬಿಲ್ಲು ನಿಮ್ಮ ಕೈಯಲ್ಲಿ 26–27 ಅಷ್ಟೇ.

ಇನ್ನು ಬಾಣ. ಸೆಟ್ ಜೊತೆ ಬರುವ ಬಾಣಗಳು ಆ ಬಿಲ್ಲಿಗೆ ಒಪ್ಪುತ್ತವೆಂಬ ಖಾತ್ರಿಯಿಲ್ಲ, ಜನ ಎಡವುವುದೂ ಇಲ್ಲಿಯೇ. ಬಿಟ್ಟ ಕ್ಷಣ ಬಾಣ ಬಾಗಿ, ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಹೋಗುತ್ತದೆ. ಬಾಣ ಎಷ್ಟು ಬಾಗುತ್ತದೆಂಬುದರ ಅಳತೆಯೇ ಸ್ಪೈನ್. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಕಡ್ಡಿಯನ್ನಿಟ್ಟು, ನಡುವೆ 880 ಗ್ರಾಂ ತೂಗುಬಿಟ್ಟಾಗ ಅದು ಒಂದು ಇಂಚು ಬಾಗಿದರೆ ಸ್ಪೈನ್ 1000, ಅರ್ಧ ಇಂಚಾದರೆ 500. ಸಂಖ್ಯೆ ದೊಡ್ಡದಾದಷ್ಟೂ ಬಾಣ ಮೆದು. ನಿಮಗೆ 900ರಿಂದ 1000ದ ಕಾರ್ಬನ್ ಬಾಣ ಬೇಕು. 500ರದು ಗಟ್ಟಿ ಕೋಲಿನಂತೆ, ಬಲಗೈಯವರಿಗೆ ಎಡಕ್ಕೆ ಹೊಡೆಯುತ್ತದೆ. ಉದ್ದ ಎಳೆತಕ್ಕಿಂತ ಎರಡು ಇಂಚು ಹೆಚ್ಚಿರಲಿ, ಕತ್ತರಿಸಿದಷ್ಟೂ ಬಾಣ ಬಿರುಸಾಗುತ್ತದೆ. ಕತ್ತರಿಸಿದ್ದನ್ನು ಜೋಡಿಸಲಾಗದು.

ತೂಕವನ್ನೂ ನೋಡಿ: ಪೌಂಡಿಗೆ 8–10 ಗ್ರೇನ್ (ಒಂದು ಗ್ರೇನ್ ಸುಮಾರು 0.065 ಗ್ರಾಂ). 27 ಪೌಂಡಿಗೆ ಇದು 14ರಿಂದ 17.5 ಗ್ರಾಂ, ಸರಾಫರ ತಕ್ಕಡಿಯಲ್ಲಿ ತೂಗಿಸಿಕೊಳ್ಳಬಹುದು. ತೀರಾ ಹಗುರ ಬಾಣದಲ್ಲಿ ಬಿಲ್ಲಿನ ಶಕ್ತಿಯ ಒಂದು ಪಾಲು ಲಿಂಬ್‌ಗೇ ಮರಳುತ್ತದೆ. ಬಾಣವಿಲ್ಲದೆ ಹೆದೆ ಎಳೆದು ಬಿಡುವುದಂತೂ ಬೇಡವೇ ಬೇಡ, ಒಂದೇ ಸಲಕ್ಕೆ ಬಿಲ್ಲು ಸೀಳಬಹುದು.

ಗುರಿಗೆ ತೊಗರಿಯ ಗೋಣಿಚೀಲದಲ್ಲಿ ಹಳೆ ಬಟ್ಟೆ ಒತ್ತಿ ತುಂಬಿ, ಮರಳು ಬೇಡ. ಹಿಂದೆ ಫರ್ಸಿ ಕಲ್ಲಿನ ಕಾಂಪೌಂಡ್ ಇದ್ದರೆ ಮುಂದೆ ಮಣ್ಣಿನ ದಿಬ್ಬ ಹಾಕಿ. ಕಲ್ಲಿಗೆ ತಾಗಿದ ಕಾರ್ಬನ್ ಬಾಣವನ್ನು ಬಾಗಿಸಿ ನೋಡದೆ ಮತ್ತೆ ಹೂಡಬೇಡಿ. ಕಾಣದ ಬಿರುಕಿದ್ದರೆ ಚೂರು ಕೈಗೇ ನಾಟುತ್ತದೆ.

ಪ್ರಶ್ನೆ: ಬಲಗೈಯವನು. ಎಷ್ಟು ಸರಿ ಹಿಡಿದರೂ ಬಾಣ ಎಡಕ್ಕೇ ಹೋಗುತ್ತದೆ.
– ಓದುಗರು, ಬೀದರ್

ಉತ್ತರ: ಗರಿ ನೋಡಿ. ಬಿಲ್ಲಿನ ಅಟ್ಟೆಯ (ಹಿಡಿಯ ಮೇಲೆ ಬಾಣ ಕೂರುವ ಅಂಚಿನ) ಮೇಲಿಂದ ನೇರ ಬಿಡುವುದಾದರೆ ಹಕ್ಕಿಯ ಗರಿಯೇ ಬೇಕು, ಪ್ಲಾಸ್ಟಿಕ್ ಗರಿ (ವೇನ್) ತಾಗಿ ಬಾಣವನ್ನು ಒದೆಯುತ್ತದೆ. ಮೂರು ಗರಿಗಳಲ್ಲಿ ಬೇರೆ ಬಣ್ಣದ ಒಂದು ಬಿಲ್ಲಿನಿಂದ ಹೊರಮುಖವಾಗಿರಲಿ. ಆಮೇಲೆ ಹತ್ತು ಮೀಟರ್‌ನಲ್ಲಿ ಗರಿಯಿರುವ ಮೂರು, ಗರಿಯಿಲ್ಲದ ಎರಡು ಬಾಣ ಬಿಡಿ. ಗರಿಯಿಲ್ಲದವು ಗರಿಯಿರುವವುಗಳಿಗಿಂತ ಎಡಕ್ಕೆ ಹೋದರೆ ಬಾಣ ಬಿರುಸು: 100 ಗ್ರೇನ್ ಮೊನೆ ತೆಗೆದು 125ರದು ಹಾಕಿ. ಬಲಕ್ಕೆ ಹೋದರೆ ಮೆದು: ಕಾಲು ಇಂಚಿನಂತೆ ಕತ್ತರಿಸುತ್ತ ಬನ್ನಿ. ಎಲ್ಲಾ ಬಾಣಗಳೂ ಒಟ್ಟಾಗಿ ಎಡಕ್ಕೆ ನಾಟಿದರೆ ದೋಷ ಬಾಣದ್ದಲ್ಲ, ಹೆಚ್ಚಾಗಿ ಬಿಡುವ ಬೆರಳಿನದು.

ಪ್ರಶ್ನೆ: ಮಗಳಿಗೆ 12. ಇಂಡಿಯನ್ ರೌಂಡ್ ಆಡಿಸುವುದಾಗಿ ಪಿ.ಟಿ. ಸರ್ ಹೇಳಿದ್ದಾರೆ. ಯಾವ ಬಿಲ್ಲು?
– ಓದುಗರು, ಯಾದಗಿರಿ

ಉತ್ತರ: ಇಂಡಿಯನ್ ರೌಂಡ್ ನಮ್ಮ ದೇಶದ ಬಿಲ್ಲುಗಾರಿಕೆ ಸ್ಪರ್ಧೆಗಳ ಒಂದು ವಿಭಾಗ, ಅದಕ್ಕೆ ಬಿದಿರಿನ ಬಿಲ್ಲೇ. ಫೈಬರ್ ಲಿಂಬ್‌ನ ಬಿಲ್ಲು ಕೊಂಡರೆ ದುಡ್ಡು ದಂಡ. 14–18 ಪೌಂಡ್ ಸಾಕು. ನಮ್ಮ ಮೇ ತಿಂಗಳ ಒಣ ಬಿಸಿಲಿಗೆ ಬಿದಿರು ಸೀಳುತ್ತದೆ. ತಗಡಿನ ಶೆಡ್, ನಿಂತ ಕಾರಿನೊಳಗೆ ಇಡಬೇಡಿ. ಆಟ ಮುಗಿದ ಕೂಡಲೇ ಹೆದೆ ಇಳಿಸಿ, ಗೋಡೆಯ ಎರಡು ಗೂಟಗಳ ಮೇಲೆ ಅಡ್ಡಡ್ಡ ಇಡಿ. ಮೂಲೆಗೆ ಆನಿಸಿ ನಿಲ್ಲಿಸಿದರೆ ಬಿಲ್ಲು ತಿರುಚಿಕೊಳ್ಳುತ್ತದೆ. ಮರುದಿನ ಪೂರ್ತಿ ಎಳೆಯುವ ಮೊದಲು ಅರ್ಧದಷ್ಟು ಹತ್ತು ಸಲ ಎಳೆದು, ಬಿಡದೆ ಮೆಲ್ಲಗೆ ಹಿಂದಕ್ಕೆ ತರಲಿ.