ಭುಜದ ಟೆಂಡನ್ ಹರಿದರೆ ಕೀಹೋಲ್ ಒಳ್ಳೆಯದಾ, ಕೊಯ್ದು ಹೊಲಿಸುವುದಾ?

ಪ್ರಶ್ನೆ: ನಮ್ಮಪ್ಪನಿಗೆ 54 ವರ್ಷ. ಗಂಗಾವತಿಯ ರೈಸ್ ಮಿಲ್‌ನಲ್ಲಿ ಹಮಾಲಿ. ನಾಲ್ಕು ತಿಂಗಳ ಹಿಂದೆ ಲಾರಿಗೆ ಚೀಲ ಏರಿಸುವಾಗ ಬಲಭುಜ ಚಳಕ್ ಅಂದಿತು. ಈಗ ಕೈ ಎತ್ತಿ ಅಂಗಿ ಹಾಕಿಕೊಳ್ಳಲೂ ಆಗಲ್ಲ. ಎಂಆರ್‌ಐ ನೋಡಿ ‘ನರ ಪೂರ್ತಿ ಹರಿದಿದೆ’ ಅಂದರು. ಇಲ್ಲಿನ ಡಾಕ್ಟರು ಸಣ್ಣದಾಗಿ ಕೊಯ್ದು ಹೊಲಿಯೋಣ ಅಂತಾರೆ. ಬಳ್ಳಾರಿಯಲ್ಲಿ ಕೀಹೋಲ್ ಅಂದರು, ಖರ್ಚು ಜಾಸ್ತಿ. ಯಾವುದು ಮಾಡಿಸೋಣ?

ಉತ್ತರ: ಹರಿದಿರುವುದು ನರ ಅಲ್ಲಮ್ಮ. ಸ್ನಾಯುವನ್ನು ಮೂಳೆಗೆ ಕಟ್ಟಿಹಾಕುವ ಹಗ್ಗದಂಥ ಟೆಂಡನ್. ಕೈ ಸತ್ತೇಹೋಗುತ್ತೆ ಎಂದು ಮನೆಯವರು ಹೆದರಿದ್ದರೆ ಆ ಹೆದರಿಕೆ ಬೇಡ.

ಎರಡೂ ಆಪರೇಷನ್‌ನಲ್ಲಿ ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ. ತೋಳಿನ ಮೂಳೆಯ ತಲೆಯೊಳಗೆ ದಾರ ಪೋಣಿಸಿದ ಪುಟ್ಟ ಸ್ಕ್ರೂ ಕೂರಿಸುತ್ತಾರೆ. ಆ ದಾರವನ್ನು ಟೆಂಡನ್ನಿನ ಹರಿದ ಅಂಚಿಗೆ ತೂರಿಸಿ, ಅದನ್ನು ಮೂಳೆಗೆ ಒತ್ತಿ ಕಟ್ಟುತ್ತಾರೆ. ಬೇರೆಯಾಗುವುದು ಅಲ್ಲಿಗೆ ಹೋಗುವ ದಾರಿ ಮಾತ್ರ. ಹಿಂದೆ ಭುಜದ ಮೇಲಿನ ದಪ್ಪ ಸ್ನಾಯುವನ್ನೇ ಮೂಳೆಯಿಂದ ಬಿಡಿಸುತ್ತಿದ್ದರು. ಈಗಿನ ಸಣ್ಣ ಕೊಯ್ತದಲ್ಲಿ ಅದರ ಎಳೆಗಳನ್ನು ಸರಿಸಿ ಒಳಹೋಗುತ್ತಾರೆ. ಕೀಹೋಲ್‌ನಲ್ಲಿ ಮೂರ್ನಾಲ್ಕು ತೂತು, ಒಂದರಲ್ಲಿ ಕ್ಯಾಮೆರಾ. ಕೀಲಿನ ಒಳಗೆಲ್ಲ ಚೆನ್ನಾಗಿ ಕಾಣುತ್ತದೆ, ಮೊದಲ ಕೆಲವು ವಾರ ನೋವು ಕಡಿಮೆ ಇರಬಹುದು. ಒಳಗೆ ಸಲೈನ್ ಹರಿಸುವುದರಿಂದ ಭುಜ ಒಂದೆರಡು ದಿನ ಊದಿರುತ್ತೆ, ಗಾಬರಿಯಾಗಬೇಡಿ.

ಬ್ರಿಟನ್ನಿನಲ್ಲಿ 50 ದಾಟಿದ 273 ಜನರಲ್ಲಿ ಎರಡೂ ವಿಧಾನ ಹೋಲಿಸಿ ನೋಡಿದ್ದಾರೆ. 2 ವರ್ಷದ ಮೇಲೆ ನೋವಿನಲ್ಲಾಗಲಿ, ಕೈ ಬಳಕೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ಕೀಹೋಲ್‌ಗೆಂದು ಸಾಲ ಮಾಡಬೇಡಿ. ನಿಮ್ಮ ಡಾಕ್ಟರಿಗೆ ಯಾವುದರಲ್ಲಿ ಕೈ ಪಳಗಿದೆಯೋ ಅದೇ ಸರಿ. ಅವರನ್ನು ಇದನ್ನು ಕೇಳಿ: ಟೆಂಡನ್ ಎಷ್ಟು ಹಿಂದೆ ಸರಿದಿದೆ? ಸ್ನಾಯು ಸೊರಗಿ ಕೊಬ್ಬು ತುಂಬಿದೆಯಾ? ಕೊಬ್ಬು ಜಾಸ್ತಿ ತುಂಬಿದ್ದರೆ ಯಾವ ದಾರಿಯಲ್ಲಿ ಹೊಲಿದರೂ ನಿಲ್ಲುವುದು ಕಷ್ಟ. ನಾಲ್ಕು ತಿಂಗಳು ಆಗಲೇ ಕಳೆದಿದೆ, ಇನ್ನು ತಡ ಮಾಡಬೇಡಿ. ಶುಗರ್ ಇದ್ದರೆ ಹತೋಟಿಗೆ ತನ್ನಿ. ಬೀಡಿ ಸೇದುತ್ತಿದ್ದರೆ ಇವತ್ತೇ ಬಿಡಿಸಿ. ಹೊಲಿದ ಜಾಗ ಕೂಡದಂತೆ ಮಾಡುವುದರಲ್ಲಿ ಇವೆರಡರ ಪಾಲು ದೊಡ್ಡದು.

ನನಗೆ ಚಿಂತೆ ಇರುವುದು ಆಮೇಲಿನ ತಿಂಗಳುಗಳದ್ದು. ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲೇ ಇರಬೇಕು. ಆಮೇಲೆ ಫಿಸಿಯೋಥೆರಪಿ. ಆರು ತಿಂಗಳ ಒಳಗೆ ಚೀಲ ಹೊತ್ತರೆ ಹೊಲಿಗೆ ಮತ್ತೆ ಕಿತ್ತುಬರಬಹುದು. ಅಷ್ಟು ದಿನ ಕೂಲಿ ಇಲ್ಲದೆ ಮನೆ ನಡೆಯಬೇಕಲ್ವಾ? ಉಳಿಯುವ ದುಡ್ಡನ್ನು ಅದಕ್ಕೇ ಎತ್ತಿಡಿ. ಆಪರೇಷನ್ ದಿನ ಗೊತ್ತು ಮಾಡುವ ಮೊದಲೇ ಮಿಲ್ ಮಾಲೀಕರ ಹತ್ತಿರ ಮಾತಾಡಿ. ಕಾಟಾ ಹತ್ತಿರ ಚೀಲ ಎಣಿಸುವ ಕೆಲಸವನ್ನಾದರೂ ಕೊಡುತ್ತಾರಾ ಕೇಳಿ.