ಅಂಕಿತವಿಲ್ಲದ ಹಾಡು

ಕಳೆದ ಸಂಚಿಕೆಯಲ್ಲಿ ಗಾಯಕ ಬ್ಲೆಸಿಂಗ್ ಆಫೋರ್ ಬಗ್ಗೆ ಬಂದ ಲೇಖನ ಓದಿ ಮಂಗಳೂರಿನ ಹಿರಿಯರೊಬ್ಬರು ಪತ್ರ ಬರೆದಿದ್ದಾರೆ. ಚರ್ಚಿನ ಕ್ವಾಯರ್‌ನಲ್ಲಿ ನಲವತ್ತು ವರ್ಷ ಹಾಡಿದವರು. "ನೀವು ಹೊಗಳಿದ 'ಬ್ರೈಟರ್ ಡೇಸ್' ಕೇಳಿದೆ. ಕ್ಲಬ್ಬಿನ ಹಾಡಿನ ಹಾಗಿದೆ. ಯೇಸುವಿನ ಹೆಸರೇ ಕೇಳಿಸಲಿಲ್ಲ. ಇದು ಕ್ರೈಸ್ತ ಸಂಗೀತ ಹೇಗಾಯಿತು? ಇಷ್ಟಕ್ಕೂ ನೀವು ಮೆಚ್ಚಿದ್ದು ಹಾಡನ್ನೋ, ಕಣ್ಣಿಲ್ಲದ ಹುಡುಗನನ್ನೋ? ನಮ್ಮ ಹುಡುಗರು ಈ ಕ್ರಿಸ್‌ಮಸ್‌ಗೆ ಇದನ್ನೇ ಹಾಡ್ತೀವಿ ಅಂತ ಹಟ ಹಿಡಿದಿದ್ದಾರೆ. ನಾನು ಬೇಡ ಅಂದಿದ್ದೇನೆ."

ಹಿರಿಯರೇ, ನಮಸ್ಕಾರ.

ಕಣ್ಣಿನ ಮಾತು ಮೊದಲು. ಅಲ್ಲಿ ತಪ್ಪು ನಮ್ಮದೇ. ಲೇಖನ ಮತ್ತೆ ತೆಗೆದು ಓದಿದೆ. ನೈಜೀರಿಯಾದಲ್ಲಿ ಹುಟ್ಟಿದ್ದು, ಎಡಗಣ್ಣಿಗೆ ಹುಟ್ಟಿನಿಂದಲೇ ಗ್ಲಾಕೋಮಾ ಅನ್ನುವ ಕಣ್ಣಿನ ರೋಗ, ಚಿಕಿತ್ಸೆಗೆಂದು ಆರನೇ ವಯಸ್ಸಿಗೆ ಚಿಕ್ಕಪ್ಪನ ಜೊತೆ ಅಮೆರಿಕಕ್ಕೆ ಬಂದದ್ದು, ಆಮೇಲೆ ಆಟದ ನೀರಿನ ಪಿಸ್ತೂಲಿನಿಂದ ಬಲಗಣ್ಣೂ ಹೋದದ್ದು. ಎಲ್ಲ ನಿಜ. ಆದರೆ ಇದಕ್ಕೇ ಮುಕ್ಕಾಲು ಪುಟ ಕೊಟ್ಟು, ಹಾಡಿಗೆ ನಾಲ್ಕು ಸಾಲು ಉಳಿಸಿದ್ದೇವೆ. ಗದುಗಿನ ಪುಟ್ಟರಾಜ ಗವಾಯಿಗಳ ನಾಡಿನವರು ನಾವು. ಅವರೆದುರು ಜನ ಕೂತದ್ದು ಕನಿಕರಕ್ಕಲ್ಲ, ಸಂಗೀತಕ್ಕೆ. ನಾವೇ ಹೀಗೆ ಬರೆಯಬಾರದಿತ್ತು.

ಇನ್ನು ಹೆಸರಿನ ವಿಷಯ. ನಮಗೆ ದಾಸರ ಪದ ಅಂದರೆ ಕೊನೆಗೆ ಪುರಂದರ ವಿಠಲ ಬರಲೇಬೇಕು. ವಚನಕ್ಕೂ ಅಂಕಿತ ಬೇಕು. ಈ ಹಾಡಿಗೆ ಅದಿಲ್ಲ. ಒಳ್ಳೆಯ ದಿನ ಬರುತ್ತವೆ ಅನ್ನುತ್ತದೆ, ಯಾರ ದಯೆಯಿಂದ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಈ ಕೊರತೆ ನನಗೂ ಕಂಡಿದೆ. ಅಮೆರಿಕದ ಕ್ರೈಸ್ತ ರೇಡಿಯೊದಲ್ಲೂ ಓಡಬೇಕು, ಹೊರಗಿನವರಿಗೂ ಹಿಡಿಸಬೇಕು ಅನ್ನುವ ಲೆಕ್ಕಾಚಾರ ಅದರ ಹಿಂದೆ ಇದ್ದರೂ ಇರಬಹುದು.

ಆದರೆ 'ಕ್ಲಬ್ಬಿನ ಹಾಡು' ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಿಮಗೆ ಕ್ಲಬ್ಬಿನದು ಅನ್ನಿಸಿದ ಆ 'ಸೋಲ್' (ಆತ್ಮ ಅನ್ನುವ ಅರ್ಥದ್ದು) ಅನ್ನುವ ಹಾಡಿನ ಶೈಲಿ ಹುಟ್ಟಿದ್ದೇ ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ. 1954ರಲ್ಲಿ ಅಲ್ಲಿನ ಗಾಯಕ ರೇ ಚಾರ್ಲ್ಸ್, ಅವರಿಗೂ ಕಣ್ಣಿರಲಿಲ್ಲ ನೋಡಿ, ಯೇಸುವಿನ ಹಾಡೊಂದರ ಮಟ್ಟು ಎತ್ತಿಕೊಂಡು ಅದಕ್ಕೆ ಹೆಣ್ಣಿನ ಮೇಲಿನ ಮಾತು ಕೂರಿಸಿದರು. ಭಕ್ತರು ಕೆರಳಿದರು. 1957ರಲ್ಲಿ ಇನ್ನೊಬ್ಬ ಗಾಯಕ ಸ್ಯಾಮ್ ಕುಕ್ ತಮ್ಮ ಗಾಸ್ಪೆಲ್ ತಂಡ, ಅಂದರೆ ಚರ್ಚಿನ ಭಕ್ತಿಗೀತೆಯ ತಂಡ, ಬಿಟ್ಟು ಪ್ರೇಮಗೀತೆಗೆ ಹೋದರು. ಸೋಲ್ ಹಾಡಿಗೆ ಹೆಸರಾದ ಅರೀಥಾ ಫ್ರಾಂಕ್ಲಿನ್ ಡೆಟ್ರಾಯಿಟ್‌ನ ಪಾದ್ರಿಯ ಮಗಳು. ಹೀಗೆ ಚರ್ಚಿನ ದನಿಯೇ ಪೇಟೆಗೆ ಹೋಯಿತು. ಈಗ ಅದು ತವರಿಗೆ ಬಂದರೆ ಯಾವಳೋ ಹೊರಗಿನವಳು ಅಂತ ಬಾಗಿಲು ಹಾಕುವುದೇ?

ತವರು ಅಂದೆ, ಪೂರಾ ತವರೂ ಅಲ್ಲ. 'ಸಮಕಾಲೀನ ಕ್ರೈಸ್ತ ಸಂಗೀತ' ಅನ್ನುವುದು ಅರವತ್ತರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಹಿಪ್ಪಿ ಹುಡುಗರ ಗಿಟಾರಿನಿಂದ ಶುರುವಾದದ್ದು. ಬೆಳೆದದ್ದು ಹೆಚ್ಚಾಗಿ ಬಿಳಿಯರ ನಡುವೆ. ಕಪ್ಪು ಗಾಸ್ಪೆಲ್ ಬೇರೆ ಓಣಿ. ಇವತ್ತಿಗೂ ಅಮೆರಿಕದ ಸಂಗೀತ ಪ್ರಶಸ್ತಿ ಗ್ರ್ಯಾಮಿಯಲ್ಲಿ ಎರಡಕ್ಕೂ ಬೇರೆ ಬೇರೆ ವಿಭಾಗ. ಆಫೋರ್ ಹಾಡುವುದು ಈ ಎರಡು ಓಣಿ ಸೇರುವ ಮೂಲೆಯಲ್ಲಿ ನಿಂತು. 2014ರಲ್ಲಿ 'ದ ವಾಯ್ಸ್' ಟಿವಿ ಸ್ಪರ್ಧೆಯಲ್ಲಿ ಹಾಡಿ, ಗೆಲ್ಲದೆ ಹೋದವರು. 2023ರ 'ಮೈ ಟ್ರೈಬ್' ಆಲ್ಬಂ ಗ್ರ್ಯಾಮಿ ನಾಮನಿರ್ದೇಶನದವರೆಗೆ ಹೋಯಿತು. ಪಿಯಾನೋ ಮುಂದೆ ಕೂತು ಹಾಡುವಾಗ ದನಿಯಲ್ಲಿ ಒಂದು ಸಣ್ಣ ಒರಟು ಇರುತ್ತದೆ. ಅದನ್ನು ಒರೆಸಿ ನುಣುಪು ಮಾಡುವುದಿಲ್ಲ. ನನಗೆ ಹಿಡಿಸಿದ್ದು ಅದು.

ನಿಮ್ಮ ಊರಿನದೇ ಮಾತು. ಬಾಸೆಲ್ ಮಿಷನ್ನಿನ ಕಿಟೆಲ್, ನಿಘಂಟಿನವರೇ, 1862ರಲ್ಲಿ 'ಕಥಾಮಾಲೆ' ತಂದರು. ಯೇಸುವಿನ ಕಥೆಯನ್ನು ನಮ್ಮ ದೇಸಿ ಹಾಡಿನ ಧಾಟಿಗೆ ಹೊಂದಿಸಿದ್ದರು. ಆಗಲೂ ಯಾರಾದರೂ, ಇದೆಂಥ ಕ್ರೈಸ್ತ ಸಂಗೀತ ಮಾರಾಯ್ರೇ, ಅಂದಿರಬಹುದು, ಅಲ್ವಾ?

ಹುಡುಗರಿಗೆ ಬೇಡ ಅಂದದ್ದು ಇನ್ನೊಂದು ವಾರ ತಡೆಯಿರಿ. ಡ್ರಮ್ಸ್ ಬಿಟ್ಟು, ಬರೀ ಹಾರ್ಮೋನಿಯಂ ಇಟ್ಟು, ಸ್ವಲ್ಪ ನಿಧಾನಕ್ಕೆ ಹಾಡಿಸಿ ನೋಡಿ. ಆಗಲೂ ಸರಿಬರದಿದ್ದರೆ ಬೈದು ಬರೆಯಿರಿ. ಅದನ್ನೂ ಅಚ್ಚು ಹಾಕುತ್ತೇನೆ.

- ಸಂಪಾದಕ