ಜನರೊಡನೆ ಸೇರಿದ ಪೊಲೀಸ್ ಕೆಲಸದಿಂದ ಕಳ್ಳತನ ತಗ್ಗುತ್ತದೆಯೇ?

ನಮಸ್ಕಾರ. ಹೊಸ ಬಡಾವಣೆಗಳು ಬೆಳೆಯುತ್ತಿರುವ ನಿಮ್ಮ ಊರಿನಲ್ಲಿ ಪೊಲೀಸರೂ ನಿವಾಸಿಗಳೂ ತಿಂಗಳಿಗೊಮ್ಮೆ ಸಭೆ ಸೇರಿದರೆ ಕಳ್ಳತನ ಕಡಿಮೆಯಾದೀತೇ ಎಂದು ಕೇಳಿದ್ದೀರಿ. ಬರೀ ಸಭೆಯಿಂದ ಆಗಲಾರದು ಎಂಬುದು ನನ್ನ ಅಭಿಪ್ರಾಯ. ಬ್ರೆಜಿಲ್, ಕೊಲಂಬಿಯಾ, ಲೈಬೀರಿಯಾ, ಪಾಕಿಸ್ತಾನ, ಫಿಲಿಪ್ಪೀನ್ಸ್ ಮತ್ತು ಉಗಾಂಡಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಇಂತಹ ವ್ಯವಸ್ಥೆ ಇದ್ದ ಪ್ರದೇಶಗಳನ್ನು ಇಲ್ಲದ ಪ್ರದೇಶಗಳೊಡನೆ ಹೋಲಿಸಿದಾಗ, ಒಟ್ಟಾರೆಯಾಗಿ ಅಪರಾಧವೂ ಇಳಿದಿರಲಿಲ್ಲ, ಪೊಲೀಸರ ಮೇಲಿನ ನಂಬಿಕೆಯೂ ಹೆಚ್ಚಿರಲಿಲ್ಲ. ಸಂಶೋಧಕರು ಗುರುತಿಸಿದ ಅಡ್ಡಿಗಳು ನಮಗೂ ಅಪರಿಚಿತವಲ್ಲ: ಜನರ ಪರಿಚಯವಾಗುವಷ್ಟರಲ್ಲಿ ಅಧಿಕಾರಿಗೆ ವರ್ಗಾವಣೆ, ಮೇಲಿನವರ ನಿರಾಸಕ್ತಿ, ಕೇಳಿಬಂದ ದೂರಿನ ಬೆನ್ನುಹತ್ತಲು ಬೇಕಾದ ಸಂಪನ್ಮೂಲದ ಕೊರತೆ.

ಹಾಗೆಂದು ಕೈಬಿಡಬೇಕಿಲ್ಲ. ಕರ್ನಾಟಕದಲ್ಲಿ 2017ರಲ್ಲಿ ಬಂದ ಸುಧಾರಿತ ಬೀಟ್ ವ್ಯವಸ್ಥೆಯ ಪ್ರಕಾರ ಠಾಣೆಯ ವ್ಯಾಪ್ತಿಯನ್ನು ಬೀಟ್‌ಗಳಾಗಿ ವಿಂಗಡಿಸಿ, ಪ್ರತಿಯೊಂದರ ಹೊಣೆಯನ್ನು ನಿರ್ದಿಷ್ಟ ಸಿಬ್ಬಂದಿಗೆ ಒಪ್ಪಿಸಲಾಗುತ್ತದೆ. ನಿಮ್ಮ ಬೀಟ್ ಯಾರದೆಂದು ಠಾಣೆಯಲ್ಲಿ ವಿಚಾರಿಸಿ, ಯಾವ ತಿರುವಿನಲ್ಲಿ ದೀಪವಿಲ್ಲ, ಯಾವ ಹೊತ್ತಿನಲ್ಲಿ ಸರಗಳ್ಳತನವಾಗುತ್ತಿದೆ ಎಂಬುದನ್ನು ಬರೆದುಕೊಡಿ, ಮುಂದಿನ ಸಭೆಯಲ್ಲಿ ಏನು ಕ್ರಮವಾಯಿತೆಂದು ಕೇಳಿ. ಆದರೆ ನಿವಾಸಿಗಳೇ ಲಾಠಿ ಹಿಡಿದು, ಬಾಡಿಗೆದಾರರನ್ನೂ ಕಟ್ಟಡ ಕಾರ್ಮಿಕರನ್ನೂ ತಡೆದು ಪ್ರಶ್ನಿಸುವ ಮಟ್ಟಕ್ಕೆ ದಯವಿಟ್ಟು ಹೋಗಬೇಡಿ; ಆ ಅಧಿಕಾರ ಅವರಿಗಿಲ್ಲ.